ಮಾಗಿ ಮುಗಿದರೂ ಸೇವಂತಿಗೆ ಮುಗಿಯುವುದಿಲ್ಲ

ಮೈಸೂರು: ವರ್ಷಾಂತ್ಯದಲ್ಲಿ ಅರಮನೆ ಆವರಣದ ಮಾಗಿ ಫಲಪುಷ್ಪ ಪ್ರದರ್ಶನವನ್ನು ನೋಡಿ ಬಂದವರಲ್ಲಿ ಅನೇಕರಿಗೆ ಮನೆಯಲ್ಲೂ ಒಂದೆರಡು ಸೇವಂತಿಗೆ ಕುಂಡಗಳಿರಲಿ ಎನ್ನಿಸುವುದು ಸಹಜ. ನರ್ಸರಿಯಿಂದ ತಂದ ಕುಂಡ ಮೂರು ನಾಲ್ಕು ವಾರ ಜಗಲಿಯನ್ನು ಬೆಳಗುತ್ತದೆ. ಸಂಕ್ರಾಂತಿಯ ಹೊತ್ತಿಗೆ ಹೂವಿನ ಅಂಚು ಕಂದುಬಣ್ಣಕ್ಕೆ ತಿರುಗುತ್ತದೆ. ರಥಸಪ್ತಮಿ ಕಳೆಯುವಷ್ಟರಲ್ಲಿ ಉಳಿಯುವುದು ಒಣಕಡ್ಡಿಗಳ ಒಂದು ಗೊಂಚಲು. ಶಿವರಾತ್ರಿಗೆ ಮನೆ ಗುಡಿಸಿ ಸಾರಿಸುವಾಗ ಅದೂ ಪಾಲಿಕೆಯ ಕಸದ ಗಾಡಿ ಸೇರುತ್ತದೆ. ‘ಚಳಿ ತಡೆಯಲಿಲ್ಲ, ಸತ್ತುಹೋಯಿತು’ ಎಂಬುದು ಮನೆಯವರ ತೀರ್ಪು.

ಈ ತೀರ್ಪಿನಲ್ಲಿ ಎರಡು ತಪ್ಪುಗಳಿವೆ. ಗಿಡ ಸತ್ತಿರುವುದಿಲ್ಲ ಎಂಬುದು ಒಂದು. ಒಂದು ವೇಳೆ ಸತ್ತಿದ್ದರೂ ಅದನ್ನು ಕೊಂದದ್ದು ಚಳಿಯಲ್ಲ ಎಂಬುದು ಇನ್ನೊಂದು.

ಮೈಸೂರಿನ ಚಳಿ ಎಷ್ಟರದು? ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಸರಾಸರಿ ಕನಿಷ್ಠ ಉಷ್ಣಾಂಶ 16-17 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ನಗರ ನಡುಗಿದ 2012ರ ಜನವರಿ 16ರಂದು ಪಾದರಸ 7.7 ಡಿಗ್ರಿಗೆ ಇಳಿದಿತ್ತು. ನಮಗೆ ಕಂಬಳಿ ಹೊದೆಯುವಂತೆ ಮಾಡಿದ ಆ ಚಳಿ ಸೇವಂತಿಗೆಯ ಪಾಲಿಗೆ ಹಿತವಾದ ರಾತ್ರಿ. ಚೀನಾದಲ್ಲಿ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಸಾಗುವಳಿಯಲ್ಲಿರುವ, ಜಪಾನಿನ ಅರಸುಮನೆತನದ ಲಾಂಛನವಾಗಿರುವ ಈ ಗಿಡದ ಮೂಲ ನೆಲೆ ಸಮಶೀತೋಷ್ಣ ವಲಯ. ಅಲ್ಲಿ ಎಲೆ ಕಾಂಡಗಳೆಲ್ಲ ಹಿಮಕ್ಕೆ ಕರಿಕಟ್ಟಿದರೂ ಮಣ್ಣಿನೊಳಗಿನ ಬುಡ ಜೀವ ಹಿಡಿದುಕೊಂಡಿದ್ದು ವಸಂತದಲ್ಲಿ ಮತ್ತೆ ಚಿಗುರುತ್ತದೆ.

ಹಾಗಾಗಿ ವಿದೇಶಿ ತೋಟಗಾರಿಕೆ ಪುಸ್ತಕಗಳ ಸಲಹೆಯನ್ನು ಇಲ್ಲಿ ಕಣ್ಣುಮುಚ್ಚಿ ಪಾಲಿಸಬಾರದು. ‘ಕುಂಡವನ್ನು ಒಳಗೆ ತನ್ನಿ, ಹುಲ್ಲು ಹೊದಿಸಿ’ ಎಂದು ಅವು ಹೇಳುವುದು ಮಣ್ಣೇ ಹೆಪ್ಪುಗಟ್ಟುವ ಊರುಗಳಿಗಾಗಿ. ನ್ಯೂಜೆರ್ಸಿಯಲ್ಲೋ ಟೊರಾಂಟೊದಲ್ಲೋ ನೆಲೆಸಿರುವ ಮಗಳು ತನ್ನ ಕುಂಡವನ್ನು ಶಾಖವಿಲ್ಲದ ಗ್ಯಾರೇಜಿನಲ್ಲಿಟ್ಟು, ಮಣ್ಣು ಪೂರ್ತಿ ಒಣಗದಷ್ಟು ಮಾತ್ರ ನೀರು ಕೊಟ್ಟು ಮಾರ್ಚ್‌ವರೆಗೆ ಕಾಯುವುದು ಸರಿಯಾದ ಕ್ರಮ. ಅವಳ ಮಾತು ಕೇಳಿ ಕುವೆಂಪುನಗರದ ತಾಯಿ ತನ್ನ ಕುಂಡವನ್ನು ನಡುಮನೆಗೆ ಸಾಗಿಸಿದರೆ ಗಿಡ ಹದಿನೈದು ದಿನಗಳಲ್ಲಿ ಬಿಳಿಚಿಕೊಳ್ಳುತ್ತದೆ. ಸೇವಂತಿಗೆಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಹೂ ಬಿರಿದ ಮೇಲೆ ಅತಿಥಿಗಳ ಸಲುವಾಗಿ ನಾಲ್ಕೈದು ದಿನ ಒಳಗಿಡಬಹುದು, ಅಷ್ಟೇ.

ನಿಜವಾದ ಶತ್ರು ನೀರು

ಮೈಸೂರಿಗೆ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಮಳೆಯ ತಿಂಗಳುಗಳು. ನವೆಂಬರ್, ಡಿಸೆಂಬರ್‌ನಲ್ಲೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಎರಡು ಮೂರು ದಿನ ಜಿಟಿಜಿಟಿ. ಸೇವಂತಿಗೆ ಮೊಗ್ಗು ಕಟ್ಟಿ ಅರಳುವುದೂ ಇದೇ ಕಾಲದಲ್ಲಿ. ಇದರ ಬೇರುಗಳು ಆಳಕ್ಕಿಳಿಯದೆ ಮೇಲ್ಪದರದಲ್ಲೇ ಹರಡುವ ಸಣ್ಣ ಬೇರುಗಳು. ನೀರು ನಿಂತ ಮಣ್ಣಿನಲ್ಲಿ ಗಾಳಿಯಾಡದೆ ಅವು ಕೊಳೆಯುತ್ತವೆ. ಬೇರು ಕೊಳೆತ ಗಿಡ ನೀರು ಹೀರಲಾರದೆ ಬಾಡುತ್ತದೆ. ಬಾಡಿದ್ದನ್ನು ಕಂಡ ಮನೆಯವರು ಬಾಯಾರಿಕೆ ಎಂದು ಭಾವಿಸಿ ಇನ್ನೊಂದು ಚೊಂಬು ನೀರು ಸುರಿಯುತ್ತಾರೆ! ಮೈಸೂರಿನ ಮಾಗಿಯಲ್ಲಿ ಸೇವಂತಿಗೆ ಸಾಯುವ ಬಗೆ ಬಹುಮಟ್ಟಿಗೆ ಇದೇ.

ನೆಲಕ್ಕೆ ಕಲೆಯಾಗದಿರಲೆಂದು ಕುಂಡದ ಕೆಳಗಿಡುವ ತಟ್ಟೆಯನ್ನು ಮಳೆಗಾಲ ಮುಗಿಯುವತನಕ ತೆಗೆದುಬಿಡಿ. ಕುಂಡವನ್ನು ಎರಡು ಇಟ್ಟಿಗೆಗಳ ಮೇಲೆ ಕೂರಿಸಿದರೆ ತಳದ ರಂಧ್ರ ತೆರೆದಿರುತ್ತದೆ. ನೀರು ಹಾಕುವ ಮುನ್ನ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ ನೋಡಿ, ತೇವವಿದ್ದರೆ ಆ ದಿನ ನೀರು ಬೇಡ. ಹಾಕುವುದಾದರೆ ಬೆಳಿಗ್ಗೆ, ಬುಡಕ್ಕೆ ಮಾತ್ರ. ಸಂಜೆ ಎಲೆಗಳ ಮೇಲೆ ಚಿಮುಕಿಸಿದ ನೀರು ರಾತ್ರಿಯ ಇಬ್ಬನಿಯ ಜೊತೆ ಸೇರಿ ಎಲೆಚುಕ್ಕೆ ರೋಗಕ್ಕೆ ದಾರಿ ಮಾಡುತ್ತದೆ. ಕೆಳಗಿನ ಎಲೆಗಳಲ್ಲಿ ಕಪ್ಪು ಚುಕ್ಕೆಗಳು ಮೂಡಿ ಮೇಲಕ್ಕೆ ಏರತೊಡಗಿದರೆ ಅದೇ ಆ ರೋಗ. ಅಂತಹ ಎಲೆಗಳನ್ನು ಕಿತ್ತು ಕುಂಡದಿಂದ ದೂರ ಹಾಕಬೇಕು, ಬುಡದಲ್ಲಿ ಬಿಡಬಾರದು.

ಚಳಿಗಾಲದ ಮತ್ತೊಂದು ಉಪದ್ರವ ಸಸ್ಯಹೇನು. ಕಂದುಗಪ್ಪು ಬಣ್ಣದ ಈ ಪುಟ್ಟ ಕೀಟಗಳಿಗೆ ಎಳೆಯ ಕುಡಿ ಮತ್ತು ಮೊಗ್ಗಿನ ತೊಟ್ಟೆಂದರೆ ಬಲು ಇಷ್ಟ. ಇರುವೆಗಳು ಗಿಡ ಹತ್ತುತ್ತಿದ್ದರೆ ಮೇಲೆ ಹೇನಿದೆಯೆಂದೇ ತಿಳಿಯಿರಿ, ಅವುಗಳಿಗೆ ಬೇಕಾದದ್ದು ಹೇನು ಸ್ರವಿಸುವ ಸಿಹಿಯಂಟು. ಆರಂಭದಲ್ಲೇ ಗಮನಿಸಿದರೆ ನೀರಿನ ಜೋರಾದ ಧಾರೆಯೇ ಸಾಕು. ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಬಿಸಿಲಿಳಿದ ಮೇಲೆ ಎಲೆಯ ಅಡಿಭಾಗಕ್ಕೆ ತಾಗುವಂತೆ ಸಿಂಪಡಿಸಬೇಕು. ಅರಳಿದ ಹೂವಿನ ಮೇಲೆ ಬೇಡ, ಕಲೆ ಬೀಳುತ್ತದೆ.

ಅಂದಹಾಗೆ, ಸೇವಂತಿಗೆ ಎಲೆ ಮುಟ್ಟಿದರೆ ಕೆಲವರಿಗೆ ಕೈ ತುರಿಸುವುದುಂಟು. ಇದು ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದ ಸಸ್ಯ. ಕಾಂಗ್ರೆಸ್ ಗಿಡದ ಅಲರ್ಜಿ ಇರುವವರು ಕೈಗವಸು ತೊಡುವುದು ಲೇಸು.

ಕತ್ತಲೆಯೇ ಪಂಚಾಂಗ

ಮಲ್ಲಿಗೆ ಬೇಸಿಗೆಯ ಹೂ, ಸೇವಂತಿಗೆ ಮಾಗಿಯ ಹೂ. ಚಳಿ ತಾಗಿದ್ದರಿಂದ ಸೇವಂತಿಗೆ ಅರಳುತ್ತದೆ ಎಂದು ಬಹಳ ಮಂದಿ ನಂಬಿದ್ದಾರೆ. ಗಿಡ ಲೆಕ್ಕ ಹಾಕುವುದು ಮುಖ್ಯವಾಗಿ ರಾತ್ರಿಯ ಉದ್ದವನ್ನು. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಾದ ಗಾರ್ನರ್ ಮತ್ತು ಅಲಾರ್ಡ್ ಹಗಲು-ರಾತ್ರಿಯ ಅವಧಿಗೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು 1920ರಲ್ಲಿ ಪ್ರಕಟಿಸಿದರು. ಅವರು ಗಮನಿಸಿದ್ದು ಹೊಗೆಸೊಪ್ಪು, ಸೋಯಾ ಗಿಡಗಳನ್ನು. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಚೈಲಖ್ಯಾನ್ ಸೇವಂತಿಗೆಯನ್ನೇ ಪ್ರಯೋಗಕ್ಕೆ ಬಳಸಿ, ರಾತ್ರಿಯನ್ನು ಅಳೆಯುವುದು ಕುಡಿಯಲ್ಲ, ಎಲೆ ಎಂದು ತೋರಿಸಿದರು. ಎಲೆ ಕಳಿಸುವ ಆ ಸಂದೇಶಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟವರೂ ಅವರೇ. ರಾತ್ರಿಯ ನಡುವೆ ಬೆಳಕು ಬಿದ್ದರೆ ಅದೇ ಎಲೆ ಹೂವನ್ನು ತಡೆಯುವ ವಿರುದ್ಧ ಸಂದೇಶವನ್ನೂ ಕಳಿಸುತ್ತದೆ ಎಂಬುದನ್ನು 2013ರಲ್ಲಿ ಜಪಾನಿನ ಸಂಶೋಧಕರು ಕಾಡುಸೇವಂತಿಗೆಯೊಂದರಲ್ಲಿ ಕಂಡುಕೊಂಡರು.

ಮನೆಯ ಕುಂಡಕ್ಕೂ ಈ ವಿಜ್ಞಾನಕ್ಕೂ ಏನು ಸಂಬಂಧ? ಇದೆ. ಮೈಸೂರಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 25 ನಿಮಿಷ. ವ್ಯತ್ಯಾಸ ಒಂದೂವರೆ ಗಂಟೆಗೂ ಕಡಿಮೆ. ಇಷ್ಟು ಸಣ್ಣ ಅಂತರದ ಮೇಲೆ ಗಿಡ ತನ್ನ ಕಾಲನಿರ್ಣಯ ಮಾಡಬೇಕಾಗಿರುವಾಗ, ನಡುವೆ ಬೀದಿದೀಪವೊಂದು ಬಾಲ್ಕನಿಗೆ ನೇರವಾಗಿ ಬೆಳಗುತ್ತಿದ್ದರೆ ಲೆಕ್ಕ ತಪ್ಪದೆ ಇದ್ದೀತೆ? ಮೊಗ್ಗು ಮೂಡಬೇಕಾದ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿಯೇ ನಮ್ಮಲ್ಲಿ ದಸರಾ ದೀಪಾಲಂಕಾರವೂ ನಡೆಯುತ್ತದೆ! ಅಕ್ಟೋಬರ್ ಆರಂಭದಲ್ಲಿ ಸೂರ್ಯ ಆರೂಕಾಲರ ಸುಮಾರಿಗೆ ಮುಳುಗುತ್ತಾನೆ. ರಾತ್ರಿ ಹನ್ನೊಂದರವರೆಗೆ ಎದುರಿನ ರಸ್ತೆ ಝಗಮಗಿಸಿದರೆ ಗಿಡದ ಪಾಲಿಗೆ ಉಳಿಯುವ ಕತ್ತಲೆ ಏಳು ಗಂಟೆ ಮಾತ್ರ. ಅಲಂಕಾರದ ರಸ್ತೆಗಳಿಗೆ ಮುಖಮಾಡಿದ ಮನೆಗಳಲ್ಲಿ ಎಲೆಗಳು ಹಸಿರಾಗಿ ನಳನಳಿಸುತ್ತಿದ್ದೂ ಹೂವೇ ಬಾರದಿದ್ದರೆ ಗೊಬ್ಬರವನ್ನು ದೂರುವ ಮುನ್ನ ದೀಪವನ್ನು ನೋಡಬೇಕು. ಪರಿಹಾರ ಸುಲಭ. ಕುಂಡವನ್ನು ಮನೆಯ ಹಿಂಬದಿಗೆ ಸರಿಸಿ, ಇಲ್ಲವೇ ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ರಟ್ಟಿನ ಪೆಟ್ಟಿಗೆಯೊಂದನ್ನು ಮೇಲೆ ಬೋರಲು ಹಾಕಿ.

ಹೂ ಬೆಳೆಗಾರರಿಗೆ ಇದೇ ಗುಟ್ಟು ಲಾಭದ ದಾರಿಯಾಗಿದೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಹೊತ್ತು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬುಗಳು ಉರಿಯುವುದನ್ನು ನೋಡಿದವರಿಗೆ ಅಚ್ಚರಿಯಾಗಬಹುದು. ಗಿಡ ಬೇಗನೆ ಮೊಗ್ಗಿಗಿಳಿಯದೆ ಇನ್ನಷ್ಟು ಬೆಳೆಯಲಿ, ಬೆಲೆ ಬರುವ ಹಬ್ಬಕ್ಕೆ ಹೂ ಕೈಸೇರಲಿ ಎಂಬುದು ಆ ದೀಪಗಳ ಉದ್ದೇಶ. ದೇವರಾಜ ಮಾರುಕಟ್ಟೆಯಲ್ಲಿ ಶ್ರಾವಣದ ವರಮಹಾಲಕ್ಷ್ಮಿ ಹಬ್ಬಕ್ಕೂ ಸೇವಂತಿಗೆ ಮಾರಿನ ಲೆಕ್ಕದಲ್ಲಿ ಸಿಗುವುದು ಸುಮ್ಮನೆ ಅಲ್ಲ.

ಕತ್ತರಿ ಹಾಕುವ ಕಾಲ

ಈಗ ಮುಖ್ಯ ವಿಚಾರಕ್ಕೆ ಬರೋಣ. ಗೊನೆ ಕಡಿದ ಬಾಳೆಯ ದಿಂಡು ಮತ್ತೆ ಗೊನೆ ಹಾಕುವುದಿಲ್ಲ, ಬುಡದಲ್ಲೆದ್ದ ಕಂದು ಮುಂದಿನ ಬೆಳೆಯಾಗುತ್ತದೆ. ನಂಜನಗೂಡು ರಸಬಾಳೆಯ ನಾಡಿನವರಿಗೆ ಇದನ್ನು ವಿವರಿಸಬೇಕಿಲ್ಲ. ಸೇವಂತಿಗೆಯ ಬಾಳೂ ಹಾಗೆಯೇ. ಹೂ ಬಿಟ್ಟ ಕಾಂಡದ ಕೆಲಸ ಅಲ್ಲಿಗೆ ಮುಗಿಯಿತು, ಅದು ಒಣಗುವುದು ಪ್ರಕೃತಿನಿಯಮ. ಅದೇ ಹೊತ್ತಿನಲ್ಲಿ ಮಣ್ಣಿನ ಮಟ್ಟದಲ್ಲಿ ಪುಟ್ಟ ಹಸಿರು ಮರಿಗಳು ಏಳುತ್ತಿರುತ್ತವೆ. ಎಸೆಯುವ ಮುನ್ನ ಒಣ ಎಲೆಗಳನ್ನು ಸರಿಸಿ ಬುಡ ನೋಡಿದರೆ ಅವು ಕಾಣುತ್ತವೆ. ನಾಲ್ಕೈದಾದರೂ ಇದ್ದೇ ಇರುತ್ತವೆ.

ಹೂಗಳು ಮುಕ್ಕಾಲುಪಾಲು ಬಾಡಿದ ಮೇಲೆ, ಅಂದರೆ ಜನವರಿ ಕೊನೆಯಲ್ಲಿ, ಎಲ್ಲ ಕಾಂಡಗಳನ್ನೂ ಮಣ್ಣಿನಿಂದ ನಾಲ್ಕರಿಂದ ಆರು ಅಂಗುಲ ಎತ್ತರಕ್ಕೆ ಕತ್ತರಿಸಬೇಕು. ಕೈ ನಡುಗುವುದು ಬೇಡ. ಕತ್ತರಿಸದೆ ಬಿಟ್ಟರೆ ಒಣಕಾಂಡದ ನೆರಳಿನಲ್ಲಿ ಮರಿಗಳು ಬಡಕಲಾಗುತ್ತವೆ, ಹೇನೂ ರೋಗವೂ ಹಳೆಯ ಕಾಂಡದಿಂದ ಅವುಗಳಿಗೆ ದಾಟುತ್ತವೆ. ಬಳಿಕ ಮೇಲಿನ ಒಂದಂಗುಲ ಮಣ್ಣನ್ನು ಮೆಲ್ಲನೆ ಕೆದಕಿ ತೆಗೆದು, ಆ ಜಾಗಕ್ಕೆ ಎರೆಗೊಬ್ಬರ, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ ಹಾಕಿ. ಎಲೆಯೇ ಇಲ್ಲದ ಗಿಡಕ್ಕೆ ಹೆಚ್ಚು ನೀರು ಬೇಕಾಗುವುದಿಲ್ಲ. ಎರಡು ವಾರಗಳಲ್ಲಿ ಮರಿಗಳು ಚೇತರಿಸಿಕೊಳ್ಳುತ್ತವೆ.

ಇಲ್ಲಿಂದ ಮುಂದಿನದೇ ಮೈಸೂರಿನ ಸೇವಂತಿಗೆಗೆ ಅಗ್ನಿಪರೀಕ್ಷೆ. ಹೊರನಾಡುಗಳಲ್ಲಿ ಚಳಿಗಾಲ ದಾಟಿಸುವುದು ಕಷ್ಟ, ನಮ್ಮಲ್ಲಿ ಬೇಸಿಗೆ ದಾಟಿಸುವುದು ಕಷ್ಟ. ಮಾರ್ಚ್, ಏಪ್ರಿಲ್‌ನಲ್ಲಿ 35 ಡಿಗ್ರಿ ದಾಟುವ ಮಧ್ಯಾಹ್ನಗಳಲ್ಲಿ ತಾರಸಿಯ ಕಾಂಕ್ರೀಟು ಕಾದ ಕಾವಲಿಯಂತಾಗುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಂತೂ ಬೇರು ಬೆಂದೇ ಹೋಗುತ್ತದೆ. ಕುಂಡಗಳನ್ನು ಪೂರ್ವದ ಗೋಡೆಯ ಬಳಿಗೆ ಇಳಿಸಿ, ಬೆಳಗಿನ ಎಳೆಬಿಸಿಲು ಸಿಗಲಿ, ಹನ್ನೊಂದರ ನಂತರ ನೆರಳು ಬರಲಿ. ಹಿತ್ತಿಲಲ್ಲಿ ಮಾವೋ ಸಪೋಟವೋ ಇದ್ದರೆ ಅದರ ಅಂಚಿನ ನೆರಳೇ ಸರಿ. ಅದೂ ಇಲ್ಲದ ಅಪಾರ್ಟ್‌ಮೆಂಟಿನವರು ಹಸಿರು ನೆರಳುಬಲೆ ಕಟ್ಟಬಹುದು. ಮಣ್ಣಿನ ಮೇಲೆ ತೆಂಗಿನ ನಾರನ್ನೋ ಒಣ ತರಗೆಲೆಯನ್ನೋ ಹೊದಿಸಿ. ಮಾಗಿಯಲ್ಲಿ ವಿಷವಾಗಿದ್ದ ನೀರು ಈಗ ಅಮೃತ, ಏಪ್ರಿಲ್‌ನಲ್ಲಿ ದಿನವೂ ಬೇಕಾದೀತು. ಆಗಲೂ ಬೆರಳಿನ ಪರೀಕ್ಷೆ ತಪ್ಪಿಸಬೇಡಿ. ಏಪ್ರಿಲ್-ಮೇ ತಿಂಗಳ ಗುಡುಗುಮಳೆಗೆ ಕುಂಡ ತುಂಬಿ ನಿಲ್ಲದಂತೆ ನೋಡಿಕೊಳ್ಳಿ.

ಈ ಅವಧಿಯಲ್ಲಿ ಗಿಡ ಸೊರಗಿ ಕಾಣುತ್ತದೆ. ಬೆಳವಣಿಗೆ ನಿಂತಂತಿರುತ್ತದೆ. ಗಾಬರಿಪಟ್ಟು ರಸಗೊಬ್ಬರ ಸುರಿಯುವ ಅಗತ್ಯವಿಲ್ಲ. ಮೇ ತಿಂಗಳಲ್ಲಿ ಅಕಾಲದ ಸಣ್ಣ ಮೊಗ್ಗುಗಳು ಕಂಡರೆ ಆಸೆಪಡದೆ ಚಿವುಟಿಬಿಡಿ.

ಮುಂಗಾರಿನಲ್ಲಿ ಮರುಹುಟ್ಟು

ಜೂನ್ ತಿಂಗಳ ತಂಪು ಬಂದೊಡನೆ ಕೆಲಸ ಶುರು. ಹಳೆಯ ಬುಡವನ್ನೇ ವರ್ಷಾನುಗಟ್ಟಲೆ ಇಟ್ಟುಕೊಂಡರೆ ನಡುಭಾಗ ಮರದಂತೆ ಗಡುಸಾಗಿ ಹೂ ಕಿರಿದಾಗುತ್ತದೆ. ಅದಕ್ಕೆ ಪ್ರತಿವರ್ಷ ಹೊಸ ಗಿಡ ಮಾಡಿಕೊಳ್ಳಬೇಕು. ಬೇರು ಸಮೇತ ಮರಿಗಳನ್ನು ಬಿಡಿಸಿ ನೆಡುವುದು ಅಜ್ಜಿಯರ ಕಾಲದ ಕ್ರಮ, ಅದರಲ್ಲಿ ಸೋಲು ಕಡಿಮೆ. ಹೆಚ್ಚು ಗಿಡ ಬೇಕಿದ್ದರೆ ಎಳೆಯ ಕುಡಿಗಳನ್ನು ಎರಡರಿಂದ ಮೂರು ಅಂಗುಲ ಉದ್ದಕ್ಕೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ತೊಳೆದ ಮರಳಿನಲ್ಲೋ ಕೋಕೋಪೀಟ್‌ನಲ್ಲೋ ಊರಬೇಕು. ನೆರಳಿನಲ್ಲಿಟ್ಟು ತೇವ ಕಾಪಾಡಿದರೆ ಎರಡು ಮೂರು ವಾರಗಳಲ್ಲಿ ಬೇರು ಬಿಡುತ್ತವೆ.

ಕೆಮ್ಮಣ್ಣು, ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಮಪಾಲು ಬೆರೆಸಿದ ಎಂಟು ಹತ್ತು ಅಂಗುಲದ ಕುಂಡಕ್ಕೆ ಜುಲೈನಲ್ಲಿ ಬದಲಿಸಿ. ನಾಲ್ಕನೆಯ ವಾರಕ್ಕೆ ತುದಿ ಚಿವುಟಿದರೆ ಪಕ್ಕದ ಕವಲುಗಳೊಡೆದು ಗಿಡ ಪೊದೆಗಟ್ಟುತ್ತದೆ. ಇನ್ನೊಮ್ಮೆ ಚಿವುಟುವುದಾದರೆ ಆಗಸ್ಟ್ ಮುಗಿಯುವುದರೊಳಗೆ ಮುಗಿಸಬೇಕು, ಆಮೇಲೆ ಚಿವುಟಿದರೆ ಮೊಗ್ಗಿಗೇ ಕುತ್ತು. ಲಖನೌದ ರಾಷ್ಟ್ರೀಯ ಸಸ್ಯವಿಜ್ಞಾನ ಸಂಶೋಧನಾ ಸಂಸ್ಥೆ ಚಿವುಟುವಿಕೆಯಾಗಲಿ ಆಸರೆಗೋಲಾಗಲಿ ಬೇಡದ ಕಿರುಹೂವಿನ ತಳಿಗಳನ್ನು ರೂಪಿಸಿದೆ. ಅಂತಹವು ದೊರೆತರೆ ಈ ಶ್ರಮವೂ ಇಲ್ಲ. ಮೊಗ್ಗು ಬಣ್ಣ ತೋರಿದ ಮೇಲೆ ಗೊಬ್ಬರ ನಿಲ್ಲಿಸಿ.

ಒಂದು ಎಚ್ಚರಿಕೆ. ಅಂಗಡಿಯಿಂದ ತಂದಾಗ ಒಂದಡಿ ಎತ್ತರದಲ್ಲಿ ಗುಂಡಗೆ ಮುದ್ದಾಗಿದ್ದ ಗಿಡ ಎರಡನೇ ವರ್ಷ ಎರಡು ಮೂರು ಅಡಿ ಬೆಳೆದು ವಾಲಿದರೆ ನಿಮ್ಮ ಆರೈಕೆಯಲ್ಲಿ ದೋಷವಿದೆ ಎಂದಲ್ಲ. ಮಾರಾಟದ ಕುಂಡ ಸೇವಂತಿಗೆಗೆ ಬೆಳವಣಿಗೆ ಕುಗ್ಗಿಸುವ ಡಾಮಿನೊಜೈಡ್‌ನಂತಹ ರಾಸಾಯನಿಕ ಸಿಂಪಡಿಸುವುದು ವಾಡಿಕೆ. ಅದರ ಪ್ರಭಾವ ಇಳಿದ ಮೇಲೆ ಗಿಡ ತನ್ನ ನಿಜವಾದ ಎತ್ತರಕ್ಕೆ ಮರಳುತ್ತದೆ. ಒಂದು ಬಿದಿರುಕಡ್ಡಿಯ ಆಸರೆ ಕೊಡಿ, ಅಷ್ಟು ಸಾಕು.

ಇಷ್ಟೆಲ್ಲ ತೊಂದರೆಗಿಂತ ಪ್ರತಿ ಡಿಸೆಂಬರ್‌ಗೆ ಹೊಸದನ್ನೇ ಕೊಳ್ಳಬಾರದೇಕೆ ಎಂದು ಕೇಳಬಹುದು. ನರ್ಸರಿಯ ತಳಿಗಳ ಮಟ್ಟಿಗೆ ಆ ವಾದ ಒಪ್ಪತಕ್ಕದ್ದೇ. ಆದರೆ ಅಜ್ಜಿಯ ಹಿತ್ತಿಲಿನಿಂದ ಬಂದ ಸೇವಂತಿಗೆಯ ಮಾತು ಬೇರೆ. ಮನೆಗಳಲ್ಲಿ ಬೆಳೆದುಬಂದ ಸೇವಂತಿಗೆಗಳಲ್ಲಿ ಬೀಜದಿಂದ ತಾಯಿಯಂತಹುದೇ ಹೂ ಬರುವುದಿಲ್ಲ. ಬುಡ ಒಡೆದು, ಕುಡಿ ನೆಟ್ಟು ಉಳಿಸಿಕೊಂಡರೆ ಮಾತ್ರ ಅದೇ ಹೂ. ಅಗ್ರಹಾರದ ಹಳೆಯ ಮನೆಯ ಸೇವಂತಿಗೆ ಇಂದು ಎಲ್ಲಾದರೂ ಅರಳುತ್ತಿದ್ದರೆ, ಯಾರೋ ಒಬ್ಬರು ಒಂದು ಬೇಸಿಗೆಯನ್ನೂ ತಪ್ಪಿಸದೆ ಅದರ ಬುಡಕ್ಕೆ ನೀರು ಕೊಟ್ಟಿದ್ದಾರೆ ಎಂದೇ ಅರ್ಥ. ಒಂದೇ ಒಂದು ಏಪ್ರಿಲ್ ಮರೆತರೆ ಆ ತಳಿ ಆ ಮನೆಯಲ್ಲಿ ಅಲ್ಲಿಗೆ ಮುಗಿಯಿತು. ಹಿತ್ತಿಲುಗಳೇ ಕರಗಿ ಹೋಗಿ ಮನೆಗಳು ಮಹಡಿಗಳಾಗುತ್ತಿರುವ ಈ ದಿನಗಳಲ್ಲಿ ಅಂತಹ ತಳಿಗೆ ಉಳಿದಿರುವ ನೆಲವೆಂದರೆ ಕುಂಡ. ಅದಕ್ಕೆಂದೇ ಹಿಂದಿನವರು ಮರಿಗಳನ್ನು ನೆರೆಮನೆಗೆ, ತವರಿಗೆ ಹಂಚುತ್ತಿದ್ದರು. ನಮ್ಮಲ್ಲಿ ಹೋದರೆ ಅವರಲ್ಲಿ ಇರಲಿ ಎಂಬ ಲೆಕ್ಕಾಚಾರ.

ಹಂಚುವವರಿಗೂ ಇಟ್ಟುಕೊಳ್ಳುವವರಿಗೂ ಒಂದು ಸೂಚನೆ. ಜೂನ್‌ನಲ್ಲಿ ಬಿಳಿ, ಹಳದಿ, ನೇರಳೆ ಎಲ್ಲದರ ಎಲೆಯೂ ಒಂದೇ ತೆರನಾಗಿ ಕಾಣುತ್ತದೆ. ಜನವರಿಯಲ್ಲಿ ಕತ್ತರಿ ಹಾಕುವ ದಿನವೇ ಐಸ್‌ಕ್ರೀಂ ಕಡ್ಡಿಯ ಮೇಲೆ ಪೆನ್ಸಿಲ್‌ನಿಂದ ಬಣ್ಣ ಬರೆದು ಕುಂಡಕ್ಕೆ ಚುಚ್ಚಿಡಿ. ಪೆನ್ನಿನ ಬರಹ ಮೊದಲ ಮಳೆಗೇ ಅಳಿಸಿಹೋಗುತ್ತದೆ.